ಏಳು ನಿಮಿಷ ನಲವತ್ತೆಂಟು ಸೆಕೆಂಡ್

ಊರಿನ ಹದಿನಾಲ್ಕು ಆಂಬುಲೆನ್ಸ್‌ಗಳು ಕರೆಗಾಗಿ ಕಾಯುತ್ತ ಎಲ್ಲೆಲ್ಲಿ ನಿಲ್ಲಬೇಕು ಎಂದು ತೀರ್ಮಾನಿಸುವುದು ಅವಳ ಕೆಲಸ. ಒಂಬತ್ತು ವರ್ಷಗಳಿಂದ ಅದನ್ನೇ ಮಾಡುತ್ತಿದ್ದಳು. ಚಾಲಕರು ಅವಳನ್ನು ನಕ್ಷೆ ಮೇಡಂ ಎನ್ನುತ್ತಿದ್ದರು. ಎದುರಿಗೆ ಗೌರವದಿಂದ, ಬೆನ್ನ ಹಿಂದೆ ಬೇರೆ ಧಾಟಿಯಲ್ಲಿ. ಅವಳ ಮೇಜು ಇದ್ದದ್ದು ನಿಯಂತ್ರಣ ಕೊಠಡಿಯ ಮೇಲಿನ ಮಹಡಿಯಲ್ಲಿ. ಕೆಳಗೆ ಕರೆಗಳು ಬರುತ್ತಿದ್ದವು, ಮೇಲಕ್ಕೆ ಅಂಕಿಗಳು ಮಾತ್ರ ಬರುತ್ತಿದ್ದವು.

ಆ ಬುಧವಾರ ಅವಳು ಕೆಳಗಿಳಿದು ಬಂದಿದ್ದಳು. ಏಳನೇ ವಾಹನವನ್ನು ಒಂದು ವಾರ ಮಾರುಕಟ್ಟೆಯ ಮೂಲೆಯಲ್ಲಿ ನಿಲ್ಲಿಸಿ ನೋಡುವ ಪ್ರಯೋಗಕ್ಕೆ ಅದು ಕೊನೆಯ ದಿನ. ಮಧ್ಯಾಹ್ನ ಮೂರು ಗಂಟೆಗೆ ನಿರ್ದೇಶಕರು ಕಡತಕ್ಕೆ ಸಹಿ ಹಾಕಿದರೆ ಆ ವಾಹನ ಖಾಯಮ್ಮಾಗಿ ಅಲ್ಲೇ ಉಳಿಯುವುದಿತ್ತು.

ರೈಲು ಹಳಿ ಊರನ್ನು ಎರಡು ಮಾಡಿತ್ತು. ಪಶ್ಚಿಮಕ್ಕೆ ಆಸ್ಪತ್ರೆ, ಮಾರುಕಟ್ಟೆ, ಕಚೇರಿಗಳು, ಹದಿಮೂರು ವಾಹನಗಳು. ಪೂರ್ವಕ್ಕೆ ಮನೆಗಳು, ಲಾಂಡ್ರಿಗಳು, ಸಣ್ಣ ಕಾರ್ಖಾನೆಗಳು, ಒಂದು ವಾಹನ. ಪ್ರಯೋಗ ಶುರುವಾಗುವ ತನಕ ಅಲ್ಲಿದ್ದ ಆ ಒಂದು ವಾಹನವೇ ಏಳು. ಅದು ಬೇರೆ ಕರೆಗೆ ಹೋಗಿದ್ದಾಗ ಪಶ್ಚಿಮದ ವಾಹನಗಳು ಹಳಿ ದಾಟಿ ಹೋಗುತ್ತಿದ್ದವು. ಎರಡು ವರ್ಷಗಳಲ್ಲಿ ಹಾಗೆ ಹೋದದ್ದು ನಾನೂರ ಹನ್ನೆರಡು ಸಲ. ತಲುಪಲು ಹಿಡಿದ ಸರಾಸರಿ ಸಮಯ ಏಳು ನಿಮಿಷ ಮೂವತ್ತಾರು ಸೆಕೆಂಡ್. ಎಂಟು ನಿಮಿಷದೊಳಗೆ ತಲುಪಬೇಕು ಎಂಬುದು ನಿಯಮ. ಪಶ್ಚಿಮದಿಂದಲೇ ಎಂಟರೊಳಗೆ ತಲುಪುವುದಾದರೆ ಪೂರ್ವದಲ್ಲಿ ಒಂದು ವಾಹನ ಏಕೆ ನಿಂತಿರಬೇಕು? ಮಾರುಕಟ್ಟೆಯ ಸುತ್ತ ದಿನಕ್ಕೆ ಇಪ್ಪತ್ತು ಕರೆಗಳು ಬರುತ್ತಿದ್ದವು. ಲೆಕ್ಕ ಮಗ್ಗಿಯಷ್ಟು ಸರಳವಾಗಿತ್ತು.

ಒಪ್ಪದವನು ಒಬ್ಬನೇ. ಏಳನೇ ವಾಹನದ ಚಾಲಕ. ಅವನು ಅವಳ ಅಣ್ಣ.

ಯಾವ ಮಾತಿಗೂ ಮೊದಲು "ನಿಧಾನ" ಎನ್ನುವುದು ಅವನ ಅಭ್ಯಾಸ. ಹಾಗಾಗಿ ಇಪ್ಪತ್ತೆರಡು ವರ್ಷ ಆಂಬುಲೆನ್ಸ್ ಓಡಿಸಿದ ಮನುಷ್ಯನಿಗೆ ಜೊತೆಯವರು ಇಟ್ಟ ಹೆಸರೇ ನಿಧಾನಣ್ಣ. ಅವನ ಮನೆ ಹಳಿಯ ಪೂರ್ವಕ್ಕಿತ್ತು. ಹಿಂದಿನ ಭಾನುವಾರ ಅವಳು ಅಲ್ಲಿಗೆ ಊಟಕ್ಕೆ ಹೋದಾಗ ಅವನು ಮತ್ತೆ ಅದೇ ರಾಗ ಎತ್ತಿದ್ದ.

"ಗಾಡೀನ ಖಾಯಮ್ಮಾಗಿ ಈ ಕಡೆಯಿಂದ ತೆಗೀಬೇಡ ಕಣೇ."

"ಯಾಕೆ ಅಂತ ಕೇಳಿದ್ರೆ ಹೇಳಲ್ಲ. ಬರೀ ಬೇಡ ಬೇಡ ಅಂತೀಯ. ಮನೆ ಪಕ್ಕದಲ್ಲೇ ಡ್ಯೂಟಿ, ಮಧ್ಯಾಹ್ನ ಅತ್ತಿಗೆ ಕೈಯ ಬಿಸಿ ಊಟ. ಅದು ತಪ್ಪತ್ತೆ ಅಂತ ತಾನೆ ನಿನ್ನ ಸಂಕಟ?"

"ಬಿಸಿ ಊಟವಂತೆ!" ಅತ್ತಿಗೆ ಅಡುಗೆಮನೆಯಿಂದಲೇ ಹೇಳಿದ್ದರು. "ನಿಮ್ಮಣ್ಣ ಬರೋದ್ರೊಳಗೆ ಅನ್ನ ಎರಡು ಸಲ ಆರಿರತ್ತೆ. ಜಗಳ ಆಡೋದಿದ್ರೆ ತಟ್ಟೆ ಖಾಲಿ ಮಾಡಿ ಆಡಿ."

ಅಣ್ಣ ನಕ್ಕಿರಲಿಲ್ಲ. ನೀರು ಕುಡಿದು ಲೋಟ ಕೆಳಗಿಟ್ಟು ಹೇಳಿದ್ದ: "ಸಹಿ ಆಗೋಕ್ಕೆ ಮುಂಚೆ ಒಂದು ದಿನ ಕೆಳಗೆ ಬಾ. ಕಿವಿಗೆ ಹಾಕ್ಕೊಂಡು ಕೂತ್ಕೋ. ಅಷ್ಟು ಮಾಡು."

ಅದಕ್ಕೇ ಅವಳು ಬಂದದ್ದು. ಬೆಳಿಗ್ಗೆ ಒಂಬತ್ತರಿಂದ ನಿಯಂತ್ರಣ ಕೊಠಡಿಯಲ್ಲಿ, ಎರಡನೇ ಹೆಡ್‌ಫೋನ್ ಕಿವಿಗೆ ಸಿಕ್ಕಿಸಿಕೊಂಡು ಕೂತಿದ್ದಳು. ಪಕ್ಕದಲ್ಲಿ ಕರೆ ಸ್ವೀಕರಿಸುವ ಹಿರಿಯ ಹೆಂಗಸು. ಹದಿನೆಂಟು ವರ್ಷದ ಅನುಭವ, ಎಲ್ಲರ ಬಾಯಲ್ಲಿ ಹಲೋ ಅಕ್ಕ.

"ಮೇಡಂ ಪಕ್ಕದಲ್ಲಿ ಕೂತಿದ್ದಾರೆ ಅಂತ ಇವತ್ತು ಊರಲ್ಲಿ ಯಾರಿಗೂ ಕಾಯಿಲೆ ಬರ್ತಿಲ್ಲ," ಎಂದು ಹಲೋ ಅಕ್ಕ ಹತ್ತೂವರೆಗೆ ಹೇಳಿದಳು. "ದಿನಾ ಬನ್ನಿ."

ಹನ್ನೊಂದು ಗಂಟೆ ನಲವತ್ತೆರಡು ನಿಮಿಷ ಹತ್ತು ಸೆಕೆಂಡಿಗೆ ಆ ಕರೆ ಬಂತು.

ಹೆಂಗಸಿನ ದನಿ. ಪೂರ್ವದ ಲಾಂಡ್ರಿ ಬೀದಿಯಿಂದ. ಹಿಂದಿನ ಗೋಡೆಯ ಫ್ಯಾನ್ ಬಿಚ್ಚಲು ಹೋದ ಗಂಡನಿಗೆ ಕಣಜಗಳು ಕಚ್ಚಿವೆ. ಆರೋ ಏಳೋ ಕಡೆ. ತುಟಿ ಊದಿದೆ, ಮೈಯೆಲ್ಲ ಕೆಂಪು ದದ್ದು, ಉಸಿರು ಎಳೆದುಕೊಳ್ಳುವಾಗ ಸೀಟಿ ಹೊಡೆದ ಹಾಗೆ ಸದ್ದು.

"ಮಾತಾಡ್ತಿದಾರಾ ಅಮ್ಮಾ?"

"ಈಗ ಆಡ್ತಿದ್ರು, ಗಂಟಲು ಹಿಡ್ಕೊಂಡ್ರು. ಬೇಗ ಕಳ್ಸಿ ಅಕ್ಕಾ."

"ಗಾಡಿ ಹೊರಟಿದೆ. ಅವರನ್ನ ಅಂಗಾತ ಮಲಗಿಸಿ, ಕಾಲು ಎತ್ತರದಲ್ಲಿ ಇಡಿ. ಎದ್ದು ನಿಲ್ಲೋಕೆ ಬಿಡ್ಬೇಡಿ. ಫೋನ್ ಇಡ್ಬೇಡಿ."

ಕಣಜದ ವಿಷಕ್ಕೆ ಕೆಲವರ ಮೈ ಹೀಗೆ ತಿರುಗಿಬೀಳುತ್ತದೆ. ಗಂಟಲು ಒಳಗಿನಿಂದ ಊದಿ ಉಸಿರಿನ ದಾರಿ ಮುಚ್ಚುತ್ತದೆ. ತೊಡೆಗೆ ಒಂದು ಅಡ್ರಿನಲಿನ್ ಚುಚ್ಚುಮದ್ದು ಬಿದ್ದರೆ ಸಾಮಾನ್ಯವಾಗಿ ಮನುಷ್ಯ ಉಳಿಯುತ್ತಾನೆ. ತಡವಾದರೆ ಇಲ್ಲ. ಅದು ಪ್ರತಿ ಆಂಬುಲೆನ್ಸ್‌ನಲ್ಲೂ ಇರುತ್ತದೆ.

ಏಳನೇ ವಾಹನ ಮಾರುಕಟ್ಟೆಯ ಮೂಲೆಯಿಂದ ಹೊರಟಿತ್ತು. ಗೋಡೆಯ ದೊಡ್ಡ ಪರದೆಯ ಮೇಲೆ ಅದರ ಸಂಖ್ಯೆ, ಪಕ್ಕದಲ್ಲಿ ಓಡುವ ಗಡಿಯಾರ. ಆರು ನಿಮಿಷ. ಏಳು. ಅವಳ ಬೆರಳುಗಳು ಮೇಜಿನ ಅಂಚನ್ನು ಹಿಡಿದಿದ್ದವು. ಏಳು ನಿಮಿಷ ನಲವತ್ತೆಂಟು ಸೆಕೆಂಡಿಗೆ ಗಡಿಯಾರ ನಿಂತಿತು. ಸಂಖ್ಯೆ ಹಸಿರಾಯಿತು: ತಲುಪಿದೆ.

ಅವಳು ಉಸಿರು ಬಿಟ್ಟಳು.

ಪದ್ಧತಿಯಂತೆ, ಹಸಿರು ಬಂದೊಡನೆ ಕರೆ ಸ್ವೀಕರಿಸಿದವರು "ಗಾಡಿ ಬಂದಿದೆ" ಎಂದು ಹೇಳಿ ಸಂಪರ್ಕ ಮುಗಿಸಬೇಕು. ಹಲೋ ಅಕ್ಕ ಮುಗಿಸಲಿಲ್ಲ. ಪರದೆಯನ್ನೊಮ್ಮೆ, ಪಕ್ಕದಲ್ಲಿದ್ದ ನಕ್ಷೆ ಮೇಡಂ ಅನ್ನೊಮ್ಮೆ ನೋಡಿದಳು. ಕೊನೆಗೆ ನಕ್ಷೆ ಮೇಡಂ ತಾನೇ ತನ್ನ ಮೈಕ್‌ನ ಗುಂಡಿ ಒತ್ತಿದಳು.

"ಅಮ್ಮಾ, ಗಾಡಿ ಬಂತು. ಬಾಗಿಲು ತೆಗೀರಿ."

"ಬಾಗಿಲು ತೆಗ್ದೇ ಇದೆ. ನಾನು ಬೀದೀಲೇ ನಿಂತಿದೀನಿ. ಎಲ್ಲಿದೆ ಗಾಡಿ? ಇಲ್ಲಿ ಯಾರೂ ಇಲ್ಲ!"

ಅವಳು ಹಲೋ ಅಕ್ಕನ ಕಡೆ ತಿರುಗಿದಳು. ಹಲೋ ಅಕ್ಕ ಪರದೆಯನ್ನೇ ನೋಡುತ್ತಿದ್ದಳು. ಎದುರು ಸಾಲಿನಲ್ಲಿ ಕೂತಿದ್ದ ಇಬ್ಬರೂ ತಲೆ ತಗ್ಗಿಸಿದರು. ಆ ಕೊಠಡಿಯಲ್ಲಿ ಎಲ್ಲರಿಗೂ ಗೊತ್ತಿದ್ದದ್ದು ತನಗೊಬ್ಬಳಿಗೇ ಗೊತ್ತಿಲ್ಲ ಎಂದು ಅರಿವಾಗಲು ಅವಳಿಗೆ ಎರಡು ಸೆಕೆಂಡ್ ಸಾಕಾಯಿತು. ವೈರ್‌ಲೆಸ್ ಕೈಗೆತ್ತಿಕೊಂಡಳು.

"ಏಳು, ಎಲ್ಲಿದ್ದೀರಿ?"

ಕರಕರ ಸದ್ದು. ಆಮೇಲೆ: "ಏಳು. ತಲುಪಿದೀವಿ."

ಒಂಬತ್ತು ವರ್ಷಗಳಲ್ಲಿ ಅವಳು ವೈರ್‌ಲೆಸ್‌ನಲ್ಲಿ ಒಮ್ಮೆಯೂ ಅವನನ್ನು ಅಣ್ಣ ಎಂದು ಕರೆದಿರಲಿಲ್ಲ. "ಅಣ್ಣಾ, ಎಲ್ಲಿ ತಲುಪಿದ್ದೀಯ?"

"ರೈಲ್ವೆ ಗೇಟ್ ಹತ್ರ," ಎಂದ ಅವನು. "ಗೇಟ್ ಹಾಕಿದೆ. ಗೂಡ್ಸ್ ರೈಲು ಅಡ್ಡ ನಿಂತಿದೆ. ಗೇಟ್‌ಮನ್ ಇಪ್ಪತ್ತು ನಿಮಿಷ ಅಂತಿದಾನೆ."

ಹಳಿಯ ಈಚೆ ಅಣ್ಣ, ಆಚೆ ಲಾಂಡ್ರಿ. ಎರಡರ ನಡುವೆ ಕೂಗಳತೆಯಷ್ಟೇ ದೂರ. ಮೇಲ್ಸೇತುವೆ ಸುತ್ತಿ ಹೋದರೆ ಒಂಬತ್ತು ಕಿಲೋಮೀಟರ್, ಇಪ್ಪತ್ತೆರಡು ನಿಮಿಷ. ಫೋನಿನಲ್ಲಿ ಆ ಹೆಂಗಸು ಗಂಡನ ತುಟಿ ನೀಲಿಯಾಗುತ್ತಿದೆ ಎಂದು ಹೇಳುತ್ತಿದ್ದಳು.

ವೈರ್‌ಲೆಸ್‌ನಲ್ಲಿ ವಾಹನದ ನರ್ಸ್‌ನ ದನಿ ಕೇಳಿತು. "ನಾನು ಗೂಡ್ಸ್ ಕೆಳಗೆ ನುಸುಳಿ ಹೋಗ್ತೀನಿ ಮೇಡಂ."

"ನಿಧಾನ," ಎಂದ ಅಣ್ಣ. "ಅದು ಹೊರಟ್ರೆ ಪೇಷೆಂಟ್ ಒಬ್ರಲ್ಲ, ಇಬ್ರಾಗ್ತಾರೆ."

ಅವಳು ಕಣ್ಣು ಮುಚ್ಚಿದಳು. ನಕ್ಷೆ ಅವಳಿಗೆ ಬಾಯಿಪಾಠ. ಗೇಟಿನಿಂದ ಉತ್ತರಕ್ಕೆ ಆರುನೂರು ಮೀಟರ್ ದೂರದಲ್ಲಿ ನಿಲ್ದಾಣದ ಪಾದಚಾರಿ ಸೇತುವೆ. ಅಲ್ಲಿಗೆ ಹೋಗುವ ಓಣಿಯಲ್ಲಿ ಸೈಕಲ್ ಹೋಗಬಹುದು, ಆಂಬುಲೆನ್ಸ್ ಹೋಗದು. ಸೇತುವೆಯ ಪೂರ್ವದ ಮೆಟ್ಟಿಲುಗಳು ಇಳಿಯುವುದು ಲಾಂಡ್ರಿ ಬೀದಿಯ ತುದಿಗೆ.

"ನರ್ಸ್, ಚುಚ್ಚುಮದ್ದು, ಆಮ್ಲಜನಕದ ಸಣ್ಣ ಸಿಲಿಂಡರ್, ಎರಡೇ ತಗೊಳ್ಳಿ. ಪಾದಚಾರಿ ಸೇತುವೆ ಮೇಲಿಂದ ಓಡಿ. ಆಚೆ ಮೆಟ್ಟಿಲ ಬುಡದಲ್ಲಿ ಅವರು ಸಿಗ್ತಾರೆ."

"ಅಯ್ಯೋ, ನನ್ನ ಮಂಡಿ..." ಎಂದಳು ನರ್ಸ್. ನಲವತ್ತಾರು ದಾಟಿದವಳು. ಆಮೇಲೆ ಬಾಗಿಲು ಬಡಿದ ಸದ್ದು ಕೇಳಿತು. "ಹೋದ್ರು," ಎಂದ ಅಣ್ಣ. "ಮಂಡೀನ ಬೈಕೊಂಡೇ ಹೋದ್ರು. ನಾನಿಲ್ಲೇ ಇರ್ತೀನಿ, ಗೇಟ್ ತೆಗೆದ ತಕ್ಷಣ ನುಗ್ತೀನಿ."

ಅವಳು ಫೋನಿಗೆ ಮರಳಿದಳು. "ಅಮ್ಮಾ, ಬಟ್ಟೆ ಸಾಗಿಸೋ ತಳ್ಳುಗಾಡಿ ಇದೆಯಾ? ಚಕ್ರದ್ದು?"

"ಇದೆ."

"ಅದ್ರಲ್ಲಿ ಅವರನ್ನ ಮಲಗಿಸಿ. ಕೂರಿಸ್ಬೇಡಿ, ಮಲಗಿಸಿ. ಕಾಲ ಕೆಳಗೆ ಬಟ್ಟೆ ಗಂಟು ಇಡಿ. ಯಾರನ್ನಾದ್ರೂ ಕರೀರಿ, ತಳ್ಕೊಂಡು ಸ್ಟೇಷನ್ ಮೆಟ್ಟಿಲ ಹತ್ರ ಬನ್ನಿ. ಬಿಳಿ ಕೋಟಿನ ಹೆಂಗಸು ಇಳಿದು ಬರ್ತಾರೆ."

"ಗಾಡಿ ಬಂತು ಅಂದ್ರಲ್ಲಾ ನೀವು!"

"ತಳ್ಳಿ ಅಮ್ಮಾ," ಎಂದಳು.

ಆಮೇಲಿನ ಎಂಟು ನಿಮಿಷ ಅವಳು ಕೇಳಿದ್ದು ಚಕ್ರಗಳ ಸದ್ದು, ಯಾರೋ "ದಾರಿ ಬಿಡಿ, ದಾರಿ ಬಿಡಿ" ಎಂದು ಕಿರುಚುವುದು, ಆ ಹೆಂಗಸು ಗಂಡನನ್ನು ಬೈಯುವುದು. "ಫ್ಯಾನ್ ಮುಟ್ಬೇಡ ಅಂದೆ. ಕೇಳಿದ್ಯಾ? ಉಸಿರಾಡು. ಉಸಿರಾಡು ಅಂದೆ ತಾನೆ!" ಒಂದು ಹಂತದಲ್ಲಿ ಬೈಗುಳ ನಿಂತಿತು. ಹಲೋ ಅಕ್ಕ ತನ್ನ ಕೈಯನ್ನು ಬಾಯಿಗೆ ಅಡ್ಡ ಇಟ್ಟುಕೊಂಡಳು. ಪರದೆಯ ಮೇಲೆ ಏಳರ ಸಂಖ್ಯೆ ಹಸಿರಾಗಿಯೇ ಇತ್ತು.

ಹನ್ನೆರಡು ಗಂಟೆ ಒಂದು ನಿಮಿಷ ಇಪ್ಪತ್ತು ಸೆಕೆಂಡಿಗೆ ಫೋನಿನಲ್ಲಿ ನರ್ಸ್‌ನ ಏದುಸಿರು ಕೇಳಿತು. "ಕೊಟ್ಟೆ. ತೊಡೆಗೆ ಕೊಟ್ಟೆ." ಮತ್ತೆ ಐದು ನಿಮಿಷ ಏನೂ ಇಲ್ಲ. ಆಮೇಲೆ ಕೆಮ್ಮು. ಗಂಡಸಿನ ಕೆಮ್ಮು. ಅದರ ಹಿಂದೆಯೇ ಅವನ ಹೆಂಡತಿ ಮತ್ತೆ ಬೈಯಲು ಶುರುಮಾಡಿದಳು.

ಗೇಟ್ ತೆರೆದದ್ದು ಹನ್ನೆರಡು ಹತ್ತಕ್ಕೆ. ಅಣ್ಣ ಆಚೆ ಹೋಗಿ ಮೂವರನ್ನೂ ಹತ್ತಿಸಿಕೊಂಡು ಆಸ್ಪತ್ರೆ ಮುಟ್ಟಿಸಿದ. ಮನುಷ್ಯ ಉಳಿದ. ಕರೆ ಬಂದಾಗಿನಿಂದ ಚುಚ್ಚುಮದ್ದು ಬೀಳುವವರೆಗೆ ಹತ್ತೊಂಬತ್ತು ನಿಮಿಷ ಹತ್ತು ಸೆಕೆಂಡ್. ದಾಖಲೆಯಲ್ಲಿ ಇದ್ದದ್ದು ಏಳು ನಿಮಿಷ ನಲವತ್ತೆಂಟು.

ಅವಳು ಮೇಲಿನ ಮಹಡಿಗೆ ಹೋಗಿ ತನ್ನ ಕಡತ ತೆರೆದಳು. ಇಪ್ಪತ್ತಮೂರನೇ ಪುಟದ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಅವಳೇ ಬರೆದ ಒಂದು ಟಿಪ್ಪಣಿ ಇತ್ತು. ತಲುಪಿದ ನಂತರ ರೋಗಿಯನ್ನು ಹತ್ತಿಸಿಕೊಂಡು ಹೊರಡಲು ಪಶ್ಚಿಮದಲ್ಲಿ ಸರಾಸರಿ ಹದಿನಾರು ನಿಮಿಷ, ಪೂರ್ವದಲ್ಲಿ ಮೂವತ್ತೊಂದು. ಕಾರಣ: ಇಕ್ಕಟ್ಟಾದ ಓಣಿಗಳು, ಮೆಟ್ಟಿಲು ಮನೆಗಳು. ಅಂಗೈಯಲ್ಲೇ ಹುಣ್ಣಿತ್ತು. ಅದಕ್ಕೊಂದು ಕಾರಣವನ್ನೂ ಅವಳೇ ಕಟ್ಟಿದ್ದಳು. ಓಣಿಗಳನ್ನು ಹೋಗಿ ನೋಡಿರಲಿಲ್ಲ.

'ತಲುಪಿದೆ' ಗುಂಡಿ ಒತ್ತಿದ ಕ್ಷಣದಲ್ಲಿ ವಾಹನ ಎಲ್ಲಿತ್ತು ಎಂಬುದೂ ದಾಖಲಾಗುತ್ತದೆ. ಯಾರೂ ಅದನ್ನು ಕೇಳಿರಲಿಲ್ಲ, ಹಾಗಾಗಿ ಯಾರೂ ತೆಗೆದಿರಲಿಲ್ಲ. ಅವಳು ತೆಗೆದಳು. ನಾನೂರ ಹನ್ನೆರಡರಲ್ಲಿ ಇನ್ನೂರ ತೊಂಬತ್ತೇಳು ಸಲ ವಾಹನ ಇದ್ದದ್ದು ಗೇಟಿನಿಂದ ಅರವತ್ತು ಮೀಟರ್ ಒಳಗೆ, ಹಳಿಯ ಪಶ್ಚಿಮ ಬದಿಯಲ್ಲಿ.

ಒಂದೂಮುಕ್ಕಾಲಿಗೆ ಅಣ್ಣ ಮೆಟ್ಟಿಲ ಹತ್ತಿರ ಸಿಕ್ಕಿದ. ಅಂಗಿಯ ಬೆನ್ನು ಪೂರ್ತಿ ಒದ್ದೆಯಾಗಿತ್ತು.

"ಯಾಕಣ್ಣಾ ಹೇಳಲಿಲ್ಲ?"

"ಏನಂತ ಹೇಳ್ಲಿ? ನಾವೆಲ್ಲ ಸುಳ್ಳು ಒತ್ತುತೀವಿ ಅಂತಲಾ? ನಲವತ್ತೊಂದು ಜನ ಚಾಲಕರಿದೀವಿ. ಒಬ್ಬನ ಬಾಯಿಂದ ಬಂದ್ರೆ ಎಲ್ರ ತಲೆ ಮೇಲೆ ಬೀಳತ್ತೆ." ಅವನು ಕಂಬಿಗೆ ಒರಗಿದ. "ನೀನು ಮಾಡಿದ ಆ ತಡದ ಕಾಗದ ಇದೆಯಲ್ಲ, ಅದನ್ನ ಒಂದು ಸಲ ಓದ್ನೋಡು."

ಓದುವುದು ಬೇಕಿರಲಿಲ್ಲ. ಎಂಟು ನಿಮಿಷ ಮೀರಿದರೆ ಚಾಲಕ ತುಂಬಬೇಕಾದ ಆ ಕಾಗದವನ್ನು ನಾಲ್ಕು ವರ್ಷಗಳ ಹಿಂದೆ ರೂಪಿಸಿದವಳು ಅವಳೇ. ಕಾರಣಕ್ಕೆ ಆರು ಚೌಕಗಳಿದ್ದವು: ಸಂಚಾರ ದಟ್ಟಣೆ, ತಪ್ಪು ವಿಳಾಸ, ವಾಹನದ ದೋಷ, ಇಂಧನ, ಚಾಲಕನ ನಿರ್ಲಕ್ಷ್ಯ, ಇತರೆ. ಇತರೆ ಎಂದರೆ ಮೇಲಧಿಕಾರಿಯ ಸಹಿ ಬೇಕು. ತಿಂಗಳಲ್ಲಿ ಮೂರು ಕಾಗದವಾದರೆ ಚಾಲಕ ಒಂದು ತಿಂಗಳು ಸ್ಟೀರಿಂಗ್ ಮುಟ್ಟುವಂತಿಲ್ಲ. ಗೇಟ್ ಹಾಕಿತ್ತು ಎನ್ನುವುದಕ್ಕೆ ಚೌಕವೇ ಇರಲಿಲ್ಲ.

"ಮೊದಮೊದಲು 'ಇತರೆ' ಅಂತ ಬರೆದ್ವಿ. 'ಗೇಟ್ ದಿನಾ ಹಾಕತ್ತಪ್ಪ, ಅದೂ ಒಂದು ಕಾರಣಾನಾ?' ಅಂತ ಕೇಳಿದ್ರು, ಸಹಿ ಹಾಕ್ಲಿಲ್ಲ. ನೀವು ಚಾಪೆ ಕೆಳಗೆ ತೂರಿದ್ರಿ, ನಾವು ರಂಗೋಲಿ ಕೆಳಗೆ ತೂರಿದ್ವಿ. ಏಳು ಆಚೆ ಕಡೆ ಇರೋವರೆಗೂ ಹೇಗೋ ನಡೀತಿತ್ತು. ನಾನು ಅಲ್ಲಿರ್ತಿದ್ದೆ, ಕಷ್ಟದ ಕೇಸು ಹಿಡೀತಿದ್ದೆ. ನೀನು ಅದನ್ನೂ ಕಿತ್ತೆ."

"ಮೂರು ಗಂಟೆಗೆ ಹೇಳ್ತೀನಿ. ನಿನ್ನ ಹೆಸರು ಬರತ್ತೆ ಅಣ್ಣಾ. ಇವತ್ತು ಒತ್ತಿದವನು ನೀನು."

"ಬರಲಿ. ಉಳಿದವ್ರದ್ದು?"

"ದಾಖಲೆ ತೋರಿಸ್ದೆ ನಂಬಲ್ಲ. ದಾಖಲೆಯಲ್ಲಿ ಎಲ್ಲಾ ಗಾಡಿ ನಂಬರ್ ಇದೆ."

"ನಾಳೆ ಅವರ ಮಧ್ಯೆ ಕೂತು ನಾನು ಟೀ ಹೇಗೆ ಕುಡೀಲಿ, ಹೇಳು."

ಉತ್ತರಕ್ಕೆ ಕಾಯದೆ ಅವನು ಕಂಬಿ ಬಿಟ್ಟು ಹೊರಟ.

ಮೂರು ಗಂಟೆಗೆ ನಿರ್ದೇಶಕರು ಪೆನ್ನಿನ ಮುಚ್ಚಳ ತೆಗೆದೇ ಕೂತಿದ್ದರು. ಅವರ ಮೇಜಿನ ಮೇಲೆ ಏಳು ದಿನಗಳ ವರದಿ. ಎಲ್ಲ ಸಾಲುಗಳೂ ಹಸಿರು.

"ಶಭಾಷ್," ಎಂದರು. "ಇವತ್ತಿನ ಕಣಜದ ಕೇಸೂ ಎಂಟರೊಳಗೇ ಇದೆ."

"ಅದು ಹತ್ತೊಂಬತ್ತು ನಿಮಿಷ ಸಾರ್."

ಅವಳು ಹೇಳಿ ಮುಗಿಸಲು ಆರು ನಿಮಿಷ ಹಿಡಿಯಿತು. ನಿರ್ದೇಶಕರು ಕೆಟ್ಟವರಲ್ಲ. ಆದರೆ ಮಾರುಕಟ್ಟೆಗೆ ವಾಹನ ಬರುತ್ತದೆ ಎಂದು ಅವರು ಆಗಲೇ ನಾಲ್ಕು ಕಡೆ ಮಾತು ಕೊಟ್ಟಿದ್ದರು.

"ಒಂದು ಕೇಸಿಗೋಸ್ಕರ ಮೂರು ತಿಂಗಳ ಕೆಲಸಾನ ನೀರಿಗೆ ಹಾಕ್ಬೇಕಾ? ಮನುಷ್ಯ ಉಳಿದಿದ್ದಾನಲ್ಲ?"

"ತಳ್ಳುಗಾಡಿ ಇತ್ತು, ಉಳಿದ. ಒಂದು ಕೇಸಲ್ಲ ಸಾರ್, ಇನ್ನೂರ ತೊಂಬತ್ತೇಳು." ಅವಳು ಹಾಳೆಗಳನ್ನು ಮುಂದೆ ತಳ್ಳಿದಳು. "ಅವರಲ್ಲಿ ಎಷ್ಟು ಜನ ಉಳಿದ್ರು ಅಂತ ನಾನಿನ್ನೂ ನೋಡಿಲ್ಲ. ನೋಡೋ ಧೈರ್ಯ ಮಧ್ಯಾಹ್ನ ಇರಲಿಲ್ಲ. ನಾಳೆ ನೋಡ್ತೀನಿ."

ನಿರ್ದೇಶಕರು ಹಾಳೆ ಮಗುಚಿದರು. ಪೆನ್ನಿನ ಮುಚ್ಚಳ ಹಾಕಿದರು. "ಇವತ್ತು ಗುಂಡಿ ಒತ್ತಿದ್ದು ಯಾರು?"

"ಅದಕ್ಕೆ ಮೊದಲು ಇದನ್ನ ನೋಡಿ." ಅವಳು ತಡದ ಕಾಗದವೊಂದನ್ನು ಮೇಜಿನ ಮೇಲಿಟ್ಟಳು. ಚಾಲಕನ ಹೆಸರಿನ ಜಾಗದಲ್ಲಿ ತನ್ನ ಹೆಸರು ಬರೆದಿದ್ದಳು. ಆರು ಚೌಕಗಳಲ್ಲಿ ಯಾವುದಕ್ಕೂ ಗುರುತು ಹಾಕಿರಲಿಲ್ಲ. ಕೆಳಗೆ ಕೈಬರಹದಲ್ಲಿ ಒಂದು ಸಾಲು: ಗೇಟ್ ಹಾಕಿತ್ತು, ಈ ಕಾಗದ ಮಾಡುವಾಗ ನಾನು ಅದನ್ನು ಕೇಳಲಿಲ್ಲ.

"ಇದು ನಾಟಕ," ಎಂದರು ನಿರ್ದೇಶಕರು, ಕಠೋರವಾಗಿ ಅಲ್ಲ. "ನಾನು ಕೇಳಿದ್ದು ಯಾರು ಒತ್ತಿದ್ದು ಅಂತ."

"ನಮ್ಮಣ್ಣ."

ನಿರ್ದೇಶಕರು ಒಂದರ ಹಿಂದೆ ಒಂದು ಹೇಳಿದರು. ಏಳು ಇವತ್ತೇ ಪೂರ್ವಕ್ಕೆ ಹೋಗಲಿ. ವಿಚಾರಣೆ ಮುಗಿಯುವವರೆಗೆ ನಿಮ್ಮಣ್ಣ ಗಾಡಿ ಓಡಿಸುವುದು ಬೇಡ. ಉಳಿದವರ ವಿಷಯ ಆಮೇಲೆ. ನೀವು ಏಳು ದಿನದಲ್ಲಿ ಲಿಖಿತ ಉತ್ತರ ಕೊಡಿ. ಅವಳು ಬಾಗಿಲ ತನಕ ಹೋದಾಗ ಕರೆದರು: "ಮಾರುಕಟ್ಟೆಗೇನು ಹೇಳ್ಲಿ?"

"ಹದಿನೈದನೇ ಗಾಡಿ ಬೇಕು ಅಂತ ಹೇಳಿ ಸಾರ್."

"ಅದೊಂದು ಬಾಕಿ ಇತ್ತು," ಎಂದರು.

ಐದು ಗಂಟೆಗೆ ಅವಳು ಮತ್ತೆ ನಿಯಂತ್ರಣ ಕೊಠಡಿಯಲ್ಲಿದ್ದಳು. ಸುದ್ದಿ ಅವಳಿಗಿಂತ ಮೊದಲೇ ಮೆಟ್ಟಿಲಿಳಿದಿತ್ತು. ಪಾಳಿ ಬದಲಾಗುವ ಹೊತ್ತು. ಬಾಗಿಲಲ್ಲಿದ್ದ ಇಬ್ಬರು ಚಾಲಕರು ಅವಳನ್ನು ಕಂಡು ಮಾತು ನಿಲ್ಲಿಸಿದರು. ಒಬ್ಬ ದಾರಿ ಬಿಟ್ಟ. ಇನ್ನೊಬ್ಬ ಬಿಡಲಿಲ್ಲ, ಅವಳೇ ಸುತ್ತಿ ಬಂದಳು. ಹಲೋ ಅಕ್ಕ ಮಾತ್ರ ಎರಡನೇ ಹೆಡ್‌ಫೋನ್ ತೆಗೆದು ಅವಳ ಮುಂದಿಟ್ಟಳು.

ಏಳನೇ ವಾಹನ ಹೊಸ ಚಾಲಕನೊಂದಿಗೆ ಪೂರ್ವಕ್ಕೆ ಹೊರಟಿತ್ತು. ಅಣ್ಣ ಎಡಗಡೆಯ ಸೀಟಿನಲ್ಲಿ ಕೂತು ಮನೆಗೆ ಹೋಗುತ್ತಿದ್ದಾನೆ ಎಂದು ಹಲೋ ಅಕ್ಕ ಹೇಳಿದಳು. ಯಾವ ಕರೆಯೂ ಇರಲಿಲ್ಲ, ಆದರೂ ವಾಹನ ಹೊರಟ ಕ್ಷಣದಿಂದ ಪರದೆಯ ಮೇಲೆ ಗಡಿಯಾರ ಓಡುತ್ತಿತ್ತು. ಎಂಟು ನಿಮಿಷ ದಾಟಿತು. ಸಂಖ್ಯೆ ಕೆಂಪಾಯಿತು. ಒಂಬತ್ತು. ಹತ್ತು.

ವೈರ್‌ಲೆಸ್ ಕರಕರ ಎಂದಿತು. ಚಾಲಕನ ದನಿಯಲ್ಲ, ಅಣ್ಣನದು.

"ಏಳು. ಗೇಟ್ ಹಾಕಿದೆ. ಇನ್ನೂ ತಲುಪಿಲ್ಲ."

ಅವಳು ಗಡಿಯಾರ ನೋಡಿ ಸಮಯ ಬರೆದುಕೊಂಡಳು: ಐದು ಗಂಟೆ ಹದಿನಾರು ನಿಮಿಷ.